ಘನಪಾಠಿಗಳ ದವಡೆ

ಕಾಶಿಯ ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಅನಂತ ಘನಪಾಠಿಗಳ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಗ್ಗೆ ಗಲ್ಲಿಯ ಬಾಯಲ್ಲಿ ನಿಂತು ಕಿವಿಗೊಟ್ಟರೆ ಅವರ ಧ್ವನಿಯೇ ಬಾಗಿಲವರೆಗೆ ಕರೆದುಕೊಂಡು ಹೋಗುತ್ತಿತ್ತು. ಅಜ್ಜನ ಕಾಲಕ್ಕೆ ಹೊಳೆನರಸೀಪುರದ ಕಡೆಯಿಂದ ಬಂದು ಇಲ್ಲೇ ಬೇರುಬಿಟ್ಟ ಮನೆತನ. ಕರ್ನಾಟಕದಿಂದ ಅಸ್ಥಿ ಹಿಡಿದು ಬರುವವರಿಗೆ, ಮಣಿಕರ್ಣಿಕೆಯಲ್ಲಿ ಹಿರಿಯರನ್ನು ಸುಟ್ಟು ದಿಕ್ಕು ತೋಚದೆ ನಿಂತವರಿಗೆ ಕರ್ಮ ಮಾಡಿಸುವುದು ಕಸುಬು. ಕಸುಬನ್ನು ಅವರು ಅರ್ಧ ಮನಸ್ಸಿನಿಂದ ಮಾಡುತ್ತಿದ್ದರು ಎಂದರೆ ಅವರಿಗೇ ಬೇಸರವಾಗುತ್ತಿರಲಿಲ್ಲ. ಉಳಿದ ಮನಸ್ಸೆಲ್ಲ ಘನದಲ್ಲಿತ್ತು.

ಘನವೆಂದರೆ ಏನು ಎಂದು ಯಾತ್ರಿಕರು ಕೇಳಿದಾಗ ಅವರು ಬೆರಳು ಮಡಿಚಿ ತೋರಿಸುತ್ತಿದ್ದರು. ವೇದವನ್ನು ಇದ್ದ ಹಾಗೆ ನೇರವಾಗಿ ಹೇಳಿದರೆ ಅದು ಸಂಹಿತೆ. ಎರಡೆರಡು ಪದಗಳಿಗೆ ಕೊಂಡಿ ಹಾಕುತ್ತ ಮುಂದೆ ಸಾಗಿದರೆ ಕ್ರಮ. ಘನದಲ್ಲಿ ಮುಂದೆ ಹೋದದ್ದು ಹಿಂದೆ ಬರಬೇಕು: ಒಂದು ಎರಡು, ಎರಡು ಒಂದು, ಒಂದು ಎರಡು ಮೂರು, ಮೂರು ಎರಡು ಒಂದು, ಮತ್ತೆ ಒಂದು ಎರಡು ಮೂರು. ಅದು ಮುಗಿಯುತ್ತಿದ್ದಂತೆ ಎರಡನೆಯ ಪದದಿಂದ ಇದೇ ಓಡಾಟ ಮೊದಲಾಗಬೇಕು. ಹೀಗೆ ಒಂದೊಂದು ಪದವನ್ನೂ ಅಕ್ಕಪಕ್ಕದವಕ್ಕೆ ಎಲ್ಲ ಕಡೆಯಿಂದಲೂ ಬಿಗಿದುಬಿಟ್ಟರೆ ಸಾವಿರ ವರ್ಷವಾದರೂ ಒಂದಕ್ಷರ ಕಳಚುವುದಿಲ್ಲ ಎಂದು ಹಿಂದಿನವರ ಲೆಕ್ಕಾಚಾರ. ಅನಂತರು ಹೇಳುವಾಗ ಕೇಳುವವರಿಗೆ ಉಸಿರು ಕಟ್ಟುತ್ತಿತ್ತು, ಅವರಿಗೆ ಮಾತ್ರ ಉಸಿರು ಬರುತ್ತಿತ್ತು. ಐವತ್ತು ದಾಟಿದ, ಮಂಡಿನೋವಿನ, ತರಕಾರಿಯವನ ಹತ್ತಿರ ಚೌಕಾಸಿ ಮಾಡಲೂ ಬಾರದ ಮನುಷ್ಯ ಘನಕ್ಕೆ ಕೂತರೆ ಬೇರೆಯೇ ಆಗಿಬಿಡುತ್ತಿದ್ದರು.

ಮಕ್ಕಳಿರಲಿಲ್ಲ. ರಘುನಂದನನಿದ್ದ. ಕೇದಾರ ಘಾಟಿನ ಪುರೋಹಿತ ವೆಂಕಟರಾಮಯ್ಯನ ಎರಡನೇ ಮಗ, ಇಪ್ಪತ್ತೆರಡರ ಹುಡುಗ, ಏಳು ವರ್ಷದಿಂದ ಇವರಲ್ಲಿ ಘನ ಕಲಿಯುತ್ತಿದ್ದ. ಕಾಶಿಯಲ್ಲಿ ಹುಟ್ಟಿದ ನಮ್ಮ ಹುಡುಗರು ಸಿಟ್ಟು ಬಂದರೆ ಹಿಂದಿ, ಜಾಸ್ತಿ ಬಂದರೆ ಭೋಜಪುರಿ ಮಾತಾಡುವ ಜಾತಿ. ಇವನು ಗುರುಗಳ ಮನೆಯ ಹೊಸ್ತಿಲು ದಾಟಿದರೆ ಅಚ್ಚ ಕನ್ನಡದವನಾಗುತ್ತಿದ್ದ. ಕಲಿಕೆ ಮುಗಿದ ಮೇಲೆ ಮಠದ ಸಭೆಯಲ್ಲಿ ಪರೀಕ್ಷಕರ ಮುಂದೆ ಘನ ಹೇಳಿ ಗೆದ್ದರೆ ಅವನೂ ಘನಪಾಠಿ. ಅವನ ಬಾಯಿಂದ ಪೂರ್ತಿ ಘನ ಕೇಳಬೇಕು, ಆಮೇಲೆ ತನ್ನನ್ನು ಯಾವ ಘಾಟಿಗೆ ಹೊತ್ತರೂ ಸರಿ ಎಂದು ಅನಂತರು ಹೆಂಡತಿ ಸರಸ್ವತಮ್ಮನ ಹತ್ತಿರ ಹೇಳುತ್ತಲೇ ಇದ್ದರು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಹುಡುಗ ಹಿಂದಿನ ದಿನದ ಪಾಠ ಒಪ್ಪಿಸುತ್ತಿದ್ದ. ಅನಂತರು ಕಣ್ಣು ಮುಚ್ಚಿ ಕೇಳುವವರು. ಅಂದು ಪಡಸಾಲೆಗೆ ಕೋತಿಯೊಂದು ನುಗ್ಗಿದ್ದರಿಂದ ಅದನ್ನು ಓಡಿಸಲು ಕಣ್ಣು ತೆರೆದರು. ತೆರೆದವರು ಕೋತಿಯನ್ನು ಮರೆತು ಹುಡುಗನನ್ನೇ ನೋಡುತ್ತ ಕೂತರು. ಪದಗಳು ಹಿಂದಕ್ಕೆ ತಿರುಗುವ ಕಡೆ ಹುಡುಗನ ದವಡೆ ಎಡಕ್ಕೆ ಸಣ್ಣಗೆ ಜಗ್ಗುತ್ತಿತ್ತು. ಜಗ್ಗಿದ ಮೇಲೆ ಒಂದು ಕ್ಷಣದ ಬಿಡುವು, ಆಮೇಲೆ ಮುಂದಿನ ಪದ. ಮುಂದಿನ ತಿರುವಿನಲ್ಲೂ ಹಾಗೆಯೇ ಆಯಿತು. ಇದೇನು ಹೊಸ ಚೇಷ್ಟೆ ಎಂದು ಅನಂತರು ಗದರಿದರು. ಹುಡುಗ ಕಕ್ಕಾಬಿಕ್ಕಿಯಾದ. ತಾವು ಹೇಳಿಕೊಟ್ಟ ಹಾಗೆಯೇ ಹೇಳುತ್ತಿದ್ದೇನೆ ಎಂದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ವೇದಪಾಠದಲ್ಲಿ ತಲೆಗೂ ಕೆಲಸವಿದೆ. ಸ್ವರ ಇಳಿದಾಗ ತಲೆ ತಗ್ಗಬೇಕು, ಏರಿದಾಗ ಏಳಬೇಕು. ಗುರು ಶಿಷ್ಯನ ಜುಟ್ಟು ಹಿಡಿದು ಆಡಿಸಿಯೇ ಕಲಿಸುವುದು. ಗುರುವಿನ ಕತ್ತು, ಗುರುವಿನ ಉಸಿರು, ಗುರು ನಿಲ್ಲಿಸಿದ ಜಾಗ, ಇದರಲ್ಲಿ ಯಾವುದು ಪಾಠ ಯಾವುದು ಪಾಠವಲ್ಲ ಎಂದು ಆರಿಸಿಕೊಳ್ಳುವ ಅಧಿಕಾರ ಶಿಷ್ಯನಿಗಿಲ್ಲ. ರಘುನಂದನ ಒಳ್ಳೆಯ ಶಿಷ್ಯ. ಕಂಡದ್ದನ್ನೆಲ್ಲ ಕಲಿತಿದ್ದ.

ಅನಂತರು ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಸಾಲು ಘನ ಹೇಳಿದರು. ದವಡೆ ಜಗ್ಗುತ್ತದೆಯೇ ಎಂದು ಕೇಳಿದರು. ಸರಸ್ವತಮ್ಮ ಹಿಟ್ಟಿನ ಕೈಯನ್ನು ತಟ್ಟೆಯಲ್ಲಿಯೇ ಬಿಟ್ಟು, "ಎರಡು ವರ್ಷದಿಂದ ಜಗ್ತಾ ಇದೆಯಲ್ರೀ. ಅದೂ ಸ್ವರಾನೇ ಅಂದ್ಕೊಂಡಿದ್ದೆ" ಎಂದರು.

ಅನಂತರಿಗೆ ಅಂದು ಊಟ ಸೇರಲಿಲ್ಲ. ಮೈಗೆ ಏನೋ ಬಂದಿದೆ ಎಂಬ ಹೆದರಿಕೆ ಆಮೇಲಿನದು. ಯಾರೂ ಒಂದಕ್ಷರ ಕೆಡಿಸದಂತೆ ಬಿಗಿದು ಇಟ್ಟ ವೇದದೊಳಗೆ ತನ್ನ ದವಡೆಯ ರೋಗವನ್ನು ಸೇರಿಸಿ ಮುಂದಿನವನಿಗೆ ದಾಟಿಸಿದೆನಲ್ಲ ಎಂಬುದು ಅವರನ್ನು ಸುಟ್ಟಿತು. ಆ ಜಗ್ಗು, ಆ ಬಿಡುವು ಹುಡುಗನ ಬಾಯಿಂದ ಹೋಗುವವರೆಗೆ ತನಗೆ ನೆಮ್ಮದಿಯಿಲ್ಲ ಎಂದು ಗೊತ್ತಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ಪಿತೃಪಕ್ಷದಲ್ಲಿ. ತುಮಕೂರಿನ ಕುಟುಂಬವೊಂದು ಶ್ರಾದ್ಧ ಮುಗಿಸಿ, ಛತ್ರದಲ್ಲಿ ಸ್ವಲ್ಪ ಘನ ಕೇಳಿಸಬೇಕೆಂದು ಬೇಡಿಕೊಂಡಿತು. ಅನಂತರು ಶುರು ಮಾಡಿದರು. ಕೆಲವು ತಿರುವು ದಾಟುವಷ್ಟರಲ್ಲಿ ದವಡೆ ಒಂದೇ ಸಮನೆ ಬಡಿದುಕೊಳ್ಳತೊಡಗಿತು, ಪದ ಮುರಿಯಿತು, ಆಮೇಲಿನದು ಅವರಿಗೆ ನೆನಪಿಲ್ಲ. ಎಚ್ಚರವಾದಾಗ ಪಂಚೆ ಒದ್ದೆಯಾಗಿತ್ತು. ಬಲಗೈಯಲ್ಲಿ ಯಾರೋ ಕಬ್ಬಿಣದ ಬೀಗದ ಕೈ ತುರುಕಿದ್ದರು. ಸಾಕ್ಷಾತ್ ವೇದಮಾತೆಯೇ ಮೈಮೇಲೆ ಬಂದಳೆಂದು ತುಮಕೂರಿನವರು ಒಬ್ಬೊಬ್ಬರಾಗಿ ಕಾಲಿಗೆ ಬೀಳುತ್ತಿದ್ದರು. ಒದ್ದೆ ಪಂಚೆಯಲ್ಲಿ ಬಿದ್ದುಕೊಂಡು ನಮಸ್ಕಾರ ಮಾಡಿಸಿಕೊಂಡ ಆ ಗಳಿಗೆಗಿಂತ ದೊಡ್ಡ ಅವಮಾನ ಅವರ ಬಾಳಿನಲ್ಲಿ ಇನ್ನೊಂದಿರಲಿಲ್ಲ.

ರಘುನಂದನ ಅವರನ್ನು ರಿಕ್ಷಾದಲ್ಲಿ ಭೇಲೂಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ಶ್ರೀಜಾ ಎಂಬ ನರರೋಗದ ಡಾಕ್ಟರ್ ಇದ್ದಳು. ಪುತ್ತೂರಿನ ಹೆಣ್ಣು, ಓದಲು ಬಂದು ಇಲ್ಲೇ ಕ್ಲಿನಿಕ್ ಇಟ್ಟವಳು. ಕನ್ನಡ ಬರುತ್ತದೆ ಎಂಬುದೇ ಅನಂತರಿಗೆ ಅರ್ಧ ಸಮಾಧಾನ. ಅವಳು ಎಲ್ಲ ಕೇಳಿಕೊಂಡು, ತಲೆಗೆ ತಂತಿ ಅಂಟಿಸುತ್ತೇನೆ, ನೀವು ಮಂತ್ರ ಹೇಳಿ, ಮಿದುಳಿನಲ್ಲಿ ಏನಾಗುತ್ತದೆಂದು ಪರದೆಯ ಮೇಲೆ ನೋಡೋಣ ಎಂದಾಗ ಉಳಿದರ್ಧ ಸಮಾಧಾನವೂ ಹೋಯಿತು. ಮಡಿಯಿಲ್ಲ, ಎದುರಿಗೆ ಹೆಣ್ಣುಮಗಳು, ಮಲಗುವ ಮಂಚಕ್ಕೆ ಚರ್ಮದಂಥ ಹೊದಿಕೆ, ತಂತಿ ಅಂಟಿಸುವ ಹುಡುಗ ಮಧ್ಯಾಹ್ನಕ್ಕೆ ಏನು ತಿಂದು ಬಂದಿದ್ದಾನೋ. ಹಣೆಯ ವಿಭೂತಿಯನ್ನು ಹತ್ತಿಯಿಂದ ಒರೆಸಿ, ಜುಟ್ಟು ಬಿಚ್ಚಿ, ಬುರುಡೆಗೆಲ್ಲ ಅಂಟು ಬಳಿದರು. ಮನೆಗೆ ಹೋಗುವ ಮುಂಚೆ ಗಂಗೆಯಲ್ಲಿ ಮುಳುಗಿದರಾಯಿತು ಎಂದು ಅನಂತರು ಕಣ್ಣು ಮುಚ್ಚಿದರು.

ಸಂಹಿತೆ ಹೇಳಿದಾಗ ಪರದೆಯ ಗೆರೆಗಳು ತಮ್ಮಷ್ಟಕ್ಕೆ ನಡೆದವು. ಕ್ರಮ ಹೇಳಿದಾಗಲೂ ಅಷ್ಟೆ. ಘನ ಶುರುವಾಗಿ ಪದಗಳು ಹಿಂದಕ್ಕೆ ತಿರುಗಿದ ಕೂಡಲೇ ಎಡಭಾಗದ ಗೆರೆಗಳು ಮೊನಚಾಗಿ ಎದ್ದವು, ದವಡೆ ಜಗ್ಗಿತು. ಡಾಕ್ಟರ್ ನಿಲ್ಲಿಸಿ ಎಂದಳು. ಆಮೇಲೆ ಅವಳಿಗೆ ಏನೋ ಹೊಳೆದು, ಬಾಗಿಲ ಬಳಿ ನಿಂತ ರಘುನಂದನನಿಗೆ ಅದೇ ಘನ ಹೇಳಲು ಹೇಳಿದಳು. ಗುರುಗಳ ಬಾಯಿ ಮುಚ್ಚಿತ್ತು. ಆದರೂ ಗೆರೆಗಳು ಎದ್ದವು. ಹುಡುಗ ಅದನ್ನು ಕಣ್ಣಾರೆ ಕಂಡು ಬೆವತುಹೋದ.

ಆಮೇಲೆ ಅವಳು ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದಳು. ಮಿದುಳಿನಲ್ಲಿ ಒಂದು ಜೀವಕಣ ಎದ್ದರೆ ತನಗೆ ತಗುಲಿದ ಕೆಲವನ್ನು ಎಬ್ಬಿಸುತ್ತದೆ. ಒಂದು ಕಣ ಸರಾಸರಿ ಒಂದಕ್ಕಿಂತ ಕಡಿಮೆ ಕಣಗಳನ್ನು ಎಬ್ಬಿಸಿದರೆ ಸುದ್ದಿ ಅಲ್ಲೇ ಸಾಯುತ್ತದೆ, ಮನುಷ್ಯ ಮಂಕಾಗುತ್ತಾನೆ. ಒಂದಕ್ಕಿಂತ ಹೆಚ್ಚಾದರೆ ಎಲ್ಲವೂ ಒಟ್ಟಿಗೆ ಎದ್ದು ಮೈ ಬೀಳುತ್ತದೆ. ಒಂದಕ್ಕೆ ಸರಿಯಾಗಿ ಒಂದು ಎಬ್ಬಿಸುವ ಅಂಚಿನ ಆಸುಪಾಸಿನಲ್ಲಿ ಒಳ್ಳೆಯ ಮಿದುಳು ಇರುತ್ತದೆ, ನೆನಪೂ ಚುರುಕೂ ಇರುವುದು ಅಲ್ಲೇ ಎಂದು ಈಚೆಗೆ ಕೆಲವು ವಿಜ್ಞಾನಿಗಳು ಹೇಳುತ್ತಿದ್ದಾರೆ. ಆ ಅಂಚು ಎಲ್ಲರಿಗೂ ಒಂದೇ ಕಡೆ ಇಲ್ಲ, ಕೊಂಡಿಗಳು ಹೇಗಿವೆ ಎಂಬುದರ ಮೇಲೆ ಅದು ನಿಂತಿದೆ. ಕಣಗಳು ಗುಂಪುಗುಂಪಾಗಿದ್ದು, ಗುಂಪಿನಿಂದ ಗುಂಪಿಗೆ ಎಳೆಗಳು ಕಡಿಮೆಯಿದ್ದರೆ ಒಂದು ಗುಂಪಿನ ಕಿಡಿ ಅಲ್ಲೇ ಸುತ್ತಿ ಆರುತ್ತದೆ. ಅಂಚು ಆಗ ಅಗಲವಾಗಿರುತ್ತದೆ, ಸ್ವಲ್ಪ ಆಚೀಚೆಯಾದರೂ ಮನುಷ್ಯ ಬೀಳುವುದಿಲ್ಲ. ಗುರುಗಳ ಮಿದುಳಿನಲ್ಲಿ ಕಿವಿಯ ಗುಂಪು, ನಾಲಗೆಯ ಗುಂಪು, ನೆನಪಿನ ಗುಂಪು ಬೇರೆಯಾಗಿ ಉಳಿದಿಲ್ಲ. ನಲವತ್ತು ವರ್ಷದ ಘನ ಅವನ್ನು ಹಿಂದೆಮುಂದೆ ಹೆಣೆದು ಒಂದು ಮಾಡಿರಬೇಕು, ಅದಕ್ಕೇ ಅವರ ಅಂಚು ಕೂದಲಷ್ಟು ತೆಳು.

"ಇದು ನನ್ನ ಊಹೆ. ನಿಮ್ಮ ತಲೆಯೊಳಗಿನ ಎಳೆಗಳನ್ನು ಎಣಿಸಿ ನೋಡಿದವರು ಯಾರೂ ಇಲ್ಲ" ಎಂದು ಅವಳು ಕೊನೆಗೆ ಹೇಳಿದಳು. "ಆದ್ರೆ ಗೆರೆ ಎದ್ದದ್ದು ಊಹೆ ಅಲ್ಲ. ಘನ ಹೇಳ್ಬೇಡಿ, ಕೇಳ್ಲೂಬೇಡಿ. ಇನ್ನೊಮ್ಮೆ ದೊಡ್ಡದಾಗಿ ಬಂದ್ರೆ ನಿಲ್ಲಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಅನಂತರಿಗೆ ಎಲ್ಲ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು. ಪದ ಕಳಚದ ಹಾಗೆ ಹಿಂದಿನವರು ಯಾವ ಬಿಗಿ ಹಾಕಿದ್ದರೋ ಆ ಬಿಗಿಯೇ ತನ್ನನ್ನು ಕೆಡವುತ್ತಿದೆ. ತನ್ನ ಹೆಗ್ಗಳಿಕೆಯೂ ರೋಗವೂ ಒಂದೇ ಗಂಟಿನಲ್ಲಿವೆ.

ಗುಳಿಗೆಗಳು ಕೆಲಸ ಮಾಡಿದವು. ದವಡೆ ಸುಮ್ಮನಾಯಿತು. ಜೊತೆಗೆ ತಲೆಯೂ ಸುಮ್ಮನಾಯಿತು. ಒಂದು ಮಧ್ಯಾಹ್ನ ಡಾಕ್ಟರ್ ಮಾತು ಮೀರಿ ಮೆಲ್ಲಗೆ ಘನ ಹೇಳಿ ನೋಡಿದರು. ಮೂರು ಎರಡು ಎಂದು ಹಿಂದಕ್ಕೆ ಬಂದವರಿಗೆ ಮೊದಲನೆಯ ಪದ ಸಿಗಲಿಲ್ಲ. ಸ್ವಂತ ಮನೆಯಲ್ಲಿ ದೀಪ ಆರಿದಾಗ ತಡಕಾಡುವ ಹಾಗೆ ತಡಕಾಡಿದರು. ಒಳಗಿನಿಂದ ಕೇಳಿಸಿಕೊಂಡ ಸರಸ್ವತಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಊರಿನಲ್ಲಿರುವ ತೆಲುಗು ಘನಪಾಠಿಗಳ ಹತ್ತಿರ ಹುಡುಗನನ್ನು ಕಳಿಸಿಬಿಡಿ, ಉಳಿದ ಭಾಗ ಅವರು ಮುಗಿಸಿಕೊಡುತ್ತಾರೆ ಎಂದು ಆಕೆ ಹೇಳಿದ್ದು ಅಂದೇ. ಒಳ್ಳೆಯ ಮಾತು. ಆದರೆ ಗಂಡನ ಹಟ ಊರಿಗೇ ಗೊತ್ತಿದ್ದದ್ದು. ತಾನು ಕೆಡಿಸಿದ್ದನ್ನು ತಾನೇ ತಿದ್ದಬೇಕು, ತಾನು ಶುರು ಮಾಡಿದ್ದನ್ನು ತಾನೇ ಮುಗಿಸಬೇಕು ಎಂದು ಕೂತರು.

ಅದಕ್ಕೆ ಅವರು ಕಂಡುಕೊಂಡ ದಾರಿ ಕಾಶಿಯ ಯಾವ ಪಾಠಶಾಲೆಯಲ್ಲೂ ಇರಲಿಲ್ಲ. ಡಾಕ್ಟರ್ ಹೇಳಿದ ಗುಂಪುಗಳ ಮಾತೇ ಅದರ ಮೂಲ. ಸುತ್ತಿ ಸುತ್ತಿ ಬರುವುದರಿಂದ ತಾನೆ ಕಿಡಿ ಹತ್ತುವುದು, ಸುತ್ತಲು ಬಿಡದಿದ್ದರೆ? ಅವರು ಘನವನ್ನು ಚೂರುಚೂರಾಗಿ ಬಿಡಿಸಿದರು. ಒಂದು ಎರಡು ಎಂದು ಹೇಳಿ ನಿಲ್ಲಿಸಿ, ಒಂದು ಗುಟುಕು ನೀರು ಕುಡಿದು, ಗಲ್ಲಿಯಲ್ಲಿ ಹೋಗುವ ಹಸುವನ್ನೋ ಸೈಕಲ್ಲನ್ನೋ ನೋಡಿ, ಆಮೇಲೆ ಎರಡು ಒಂದು ಎನ್ನುವುದು. ಹುಡುಗನೂ ಅಷ್ಟನ್ನೇ ಎರಡು ಸಲ ಹೇಳಿ ಬಾಯಿ ಮುಚ್ಚಬೇಕು. ಪಾಠವಾದ ಮೇಲೆ ಅವನು ಆ ಚೂರುಗಳನ್ನೆಲ್ಲ ಹೊತ್ತು ಕೇದಾರ ಘಾಟಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು, ತಾನೊಬ್ಬನೇ ಸೇರಿಸಿ ಹೇಳಿಕೊಳ್ಳಬೇಕು. ಗುರುಗಳ ಕಿವಿಗೆ ಬೀಳುವ ದೂರದಲ್ಲಿ ಪೂರ್ತಿ ಘನ ಹೇಳಕೂಡದು. ತಲೆ ಮಂಕಾಗಿದ್ದರೆ ಚೂರೂ ನೆನಪಾಗುವುದಿಲ್ಲವಲ್ಲ, ಅದಕ್ಕೆ ಬೆಳಗಿನ ಗುಳಿಗೆಯನ್ನು ಪಾಠ ಮುಗಿದ ಮೇಲೆ ನುಂಗುತ್ತಿದ್ದರು. ಡಾಕ್ಟರಿಗೆ ಇದನ್ನು ಹೇಳಲಿಲ್ಲ.

ಒಂದು ವರ್ಷ ಹೀಗೆ ನಡೆಯಿತು. ನೋಡಿದವರಿಗೆ ಅದು ಪಾಠದಂತೆ ಕಾಣುತ್ತಿರಲಿಲ್ಲ, ಇಬ್ಬರು ಮರೆಗುಳಿಗಳು ಎದುರುಬದುರು ಕೂತ ಹಾಗಿತ್ತು. ಆದರೂ ಮುಗಿಯಿತು. ಹುಡುಗನ ದವಡೆಯ ಜಗ್ಗು ಚೂರುಗಳಲ್ಲಿ ಇರಲಿಲ್ಲ. ಸೇರಿಸಿ ಹೇಳುವಾಗ? ಅನಂತರಿಗೆ ಗೊತ್ತಿಲ್ಲ. ತಾನು ಕಟ್ಟಿದ ಘನವನ್ನು ತಾನೊಬ್ಬ ಮಾತ್ರ ಕೇಳಿಲ್ಲ. ಘಾಟಿನ ದೋಣಿಯವರು ಕೇಳಿದ್ದಾರೆ, ಬಟ್ಟೆ ಒಗೆಯುವವರು ಕೇಳಿದ್ದಾರೆ. ಸರಿಯಾಗಿದೆಯೇ ಎಂದು ಕೇಳಿದರೆ ಸರಿಯಾಗಿದೆ ಎಂದು ರಘುನಂದನ ಹೇಳುತ್ತಿದ್ದ. ಆ ಉತ್ತರದಿಂದ ಅವರ ಹಸಿವು ಹೆಚ್ಚುತ್ತಿತ್ತು.

ಸಭೆಯ ದಿನ ಬಂತು. ಗುರುಗಳಿಗೆ ಜ್ವರ ಎಂದು ಮಠಕ್ಕೆ ಹೇಳಿಕಳಿಸಿದ್ದಾಯಿತು. ಮೂರ್ಛೆರೋಗ ಎಂದರೆ ಶಿಷ್ಯನ ಪಾಠದ ಮೇಲೂ ಅನುಮಾನ ಬರುತ್ತದೆ ಎಂದು ಮನೆಯ ಮೂವರೂ ಬಾಯಿ ಕಟ್ಟಿಕೊಂಡಿದ್ದರು. ರಘುನಂದನ ನಮಸ್ಕಾರ ಮಾಡಿ ಹೊರಡುವಾಗ, ಬರುವುದಿಲ್ಲ ಎಂದು ಮಾತು ಕೊಡಿ ಎಂದ. ಅನಂತರು ಕೊಟ್ಟರು. ಸರಸ್ವತಮ್ಮ ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋದದ್ದೇ ತಡ, ಶಾಲು ಹೊದ್ದು ಬಾಗಿಲು ದಾಟಿದರು. ಹೋಗುವಾಗ ಅವರಿಗೆ ನಾಚಿಕೆಯಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮದುವೆಗೆ ಹೊರಟವರ ಸಂಭ್ರಮವಿತ್ತು.

ಮಠದ ಸಭಾಂಗಣದ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತರು. ಪರೀಕ್ಷಕರು ನಡುವಿನಿಂದ ಒಂದು ಭಾಗ ಎತ್ತಿಕೊಟ್ಟರು. ರಘುನಂದನ ಉಸಿರು ತುಂಬಿಕೊಂಡು ಶುರು ಮಾಡಿದ. ಮೊದಲ ತಿರುವು ಬಂತು. ಜಗ್ಗಿಲ್ಲ, ಬಿಡುವಿಲ್ಲ. ಎರಡನೆಯದು ಬಂತು, ಅಲ್ಲೂ ಇಲ್ಲ. ತಾನು ನೀರು ಕುಡಿಯುತ್ತ, ಹಸು ನೋಡುತ್ತ ಚೂರುಚೂರಾಗಿ ಕೊಟ್ಟದ್ದು ಅಲ್ಲಿ ಒಂದೇ ಧಾರೆಯಾಗಿ ಹರಿಯುತ್ತಿತ್ತು, ತಾನು ಚೆನ್ನಾಗಿದ್ದ ಕಾಲದಲ್ಲಿ ಹೇಳುತ್ತಿದ್ದುದಕ್ಕಿಂತ ಚೆನ್ನಾಗಿತ್ತು. ಗುರುಗಳ ಕಣ್ಣಲ್ಲಿ ನೀರು ಇಳಿಯಿತು. ಬದುಕಿದ್ದಕ್ಕೆ ಇಷ್ಟು ಸಾಕು ಎಂದು ಅನ್ನಿಸಿತು. ಆಗಲೇ ದವಡೆ ಜಗ್ಗಿತು.

ಅವರು ಶಾಲಿನ ಅಂಚನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದರು. ಎದ್ದು ಹೋಗಬಹುದಿತ್ತು. ಏಳಲಿಲ್ಲ. ಇನ್ನೊಂದು ತಿರುವು, ಇನ್ನೊಂದೇ ತಿರುವು ಎನ್ನುತ್ತ ಕೂತರು. ಹೆಗಲು ಅದುರತೊಡಗಿ ಕಂಬದಿಂದ ಈಚೆಗೆ ಬಂತು. ವೇದಿಕೆಯ ಮೇಲಿದ್ದ ರಘುನಂದನನಿಗೆ ಅದು ಕಂಡಿತು. ಶಾಲಿನ ಗುರುತು ಸಾಕಾಯಿತು.

ಆರಂಭಿಸಿದ ವಾಕ್ಯವನ್ನು ನಡುವೆ ಬಿಟ್ಟು ಏಳುವಂತಿಲ್ಲ. ಹುಡುಗ ಏಳಲಿಲ್ಲ. ಮುಂದಿನ ಪದದಲ್ಲಿ ಹಿಂದಕ್ಕೆ ತಿರುಗುವುದನ್ನು ಬಿಟ್ಟ. ಒಂದು ಎರಡು, ಎರಡು ಮೂರು, ಮೂರು ನಾಲ್ಕು ಎಂದು ಕ್ರಮಕ್ಕಿಳಿದು ನೇರವಾಗಿ ಮುಂದೆ ಹೊರಟ. ಸಭೆಯಲ್ಲಿ ಗುಸುಗುಸು ಎದ್ದಿತು. ಪರೀಕ್ಷಕರಲ್ಲಿ ಹಿರಿಯರು ತೊಡೆ ತಟ್ಟಿ, ಘನ, ಘನ ಎಂದು ಎಚ್ಚರಿಸಿದರು. ಅವನು ಕೇಳಿಸದವನಂತೆ ಕ್ರಮದಲ್ಲಿಯೇ ವಾಕ್ಯ ಮುಗಿಸಿ ಕೈಮುಗಿದ. ಕಂಬದ ಹಿಂದೆ ಅದುರಾಟ ಇಳಿಯುತ್ತ ಬಂತು. ಇವನಿಗೆ ಗೊತ್ತಿದೆ, ಮರೆತದ್ದಲ್ಲ ಎಂದು ಕೂಗಬೇಕೆಂದು ಅನಂತರು ಒದ್ದಾಡಿದರು. ನಾಲಗೆ ಇನ್ನೂ ಅವರದಾಗಿರಲಿಲ್ಲ. ಅದು ಅವರದಾಗುವ ಹೊತ್ತಿಗೆ, ಹುಡುಗ ಇನ್ನಷ್ಟು ಅಭ್ಯಾಸ ಮಾಡಿ ಮುಂದಿನ ವರ್ಷ ಬರಲಿ ಎಂದು ಹೇಳಿ ಪರೀಕ್ಷಕರು ಊಟಕ್ಕೆ ಎದ್ದಿದ್ದರು. ವೆಂಕಟರಾಮಯ್ಯ ಮಗನ ಕಡೆ ತಿರುಗಿಯೂ ನೋಡದೆ ಹೊರಟುಹೋಗಿದ್ದ.

ಹುಡುಗ ಅವರ ತೋಳು ಹಿಡಿದು ಗಲ್ಲಿಯಲ್ಲಿ ನಡೆಸಿಕೊಂಡು ಬಂದ. ಬೈಯಲಿಲ್ಲ. ಬೈದಿದ್ದರೆ ಅನಂತರಿಗೆ ಹಗುರಾಗುತ್ತಿತ್ತು. ಮನೆಯ ಹತ್ತಿರ ಬಂದಾಗ ಅವರು ಒಂದು ಜಗಲಿ ಹಿಡಿದು ನಿಂತರು.

"ಎಲ್ಲಾ ಸರಿಯಾಗಿತ್ತು ಕಣೋ. ಒಂದು ಕಡೇನೂ ಜಗ್ಗಿರ್ಲಿಲ್ಲ" ಎಂದರು.

ರಘುನಂದನ ತಲೆಯಾಡಿಸಿದ.

"ಮುಂದಿನ ವರ್ಷ ನಾನು ಬರಲ್ಲ."

"ಬರ್ತೀರಿ" ಎಂದ ಹುಡುಗ. ಅದರಲ್ಲಿ ಸಿಟ್ಟಿರಲಿಲ್ಲ. "ನೀವು ಬಂದ್ರೆ ನನ್ನಿಂದ ಹೇಳಕ್ಕಾಗಲ್ಲ."

ಇಲ್ಲ, ಬರುವುದಿಲ್ಲ, ಆಣೆ ಎಂದು ಹೇಳಲು ಅನಂತರು ಬಾಯಿ ತೆರೆದರು. ಬೆಳಗ್ಗೆಯೂ ಮಾತು ಕೊಟ್ಟಿದ್ದರಲ್ಲ. ಆಗ ಅವರಿಗೆ ಆ ಘನ ಹೇಗಿದೆಯೆಂದು ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಮುಂದಿನ ವರ್ಷ ಕಾಲು ಮುರಿದಿದ್ದರೂ ತೆವಳಿಕೊಂಡು ಬರುತ್ತೇನೆ, ಅವನು ನನ್ನನ್ನು ಕಂಡು ಮತ್ತೆ ಕ್ರಮಕ್ಕಿಳಿಯುತ್ತಾನೆ, ನಾನು ಸಾಯುವವರೆಗೆ ಇದೇ ನಡೆಯುತ್ತದೆ ಎಂದು ಅವರಿಗೆ ಸ್ಪಷ್ಟವಾಗಿ ಕಂಡಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಜಗಲಿಯ ಮೇಲೆ ಕೂತರು.

"ಹಾಗಾದ್ರೆ ನೀನು ಕಾಶಿ ಬಿಡು" ಎಂದರು. "ದಕ್ಷಿಣದಲ್ಲಿ ಎಷ್ಟೋ ಮಠ ಇವೆ, ಎಷ್ಟೋ ಸಭೆ ನಡೀತಾವೆ. ಹೋಗಿ ಅಲ್ಲಿ ಹೇಳು. ಹೋಗೋ ಊರು ಯಾವ್ದು ಅಂತ ನನಗೆ ಹೇಳ್ಬೇಡ."

ರಘುನಂದನ ಆ ತಿಂಗಳಲ್ಲೇ ಹೊರಟ. ಊರು ಯಾವುದೆಂದು ಸರಸ್ವತಮ್ಮನಿಗೆ ಗೊತ್ತಿತ್ತು. ಅನಂತರು ಇನ್ನೂ ಮೂರು ವರ್ಷ ಬದುಕಿದ್ದರು, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದರು, ಯಾತ್ರಿಕರಿಗೆ ಕರ್ಮ ಮಾಡಿಸಿದರು. ಹೆಂಡತಿಯನ್ನು ಆ ಊರಿನ ಹೆಸರು ಮಾತ್ರ ಕೇಳಲಿಲ್ಲ.